ಪಿ.ಎಸ್.ಎ. ರಕ್ತಪರೀಕ್ಷೆ: ಅಂಕಿಯನ್ನು ಓದುವ ಬಗೆ

ಅರವತ್ತರ ಆಸುಪಾಸಿನ ಪುರುಷರ ರಕ್ತಪರೀಕ್ಷೆಯ ವರದಿಗಳಲ್ಲಿ ಇತ್ತೀಚೆಗೆ ಪಿ.ಎಸ್.ಎ. ಎಂಬ ಮೂರಕ್ಷರದ ಸಾಲೊಂದು ಕಾಣಿಸಿಕೊಳ್ಳುತ್ತಿದೆ. ಹೆಚ್ಚಿನವರು ಇದನ್ನು ತಾವಾಗಿ ಕೇಳಿ ಮಾಡಿಸಿದವರಲ್ಲ. ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ಉದ್ಯೋಗದಲ್ಲಿರುವ ಮಕ್ಕಳು ತಂದೆಯ ಮೇಲಿನ ಅಕ್ಕರೆಯಿಂದ ‘ಫುಲ್ ಬಾಡಿ ಚೆಕಪ್’ ಮಾಡಿಸುತ್ತಾರೆ. ಸಕ್ಕರೆ, ಕೊಬ್ಬು, ಥೈರಾಯಿಡ್‌ಗಳ ಜೊತೆಗೆ ಇದೂ ಸೇರಿಕೊಂಡು ಬರುತ್ತದೆ. ಅಂಕಿ 4ಕ್ಕಿಂತ ಮೇಲಿದ್ದರೆ ಯಂತ್ರವು ಅದನ್ನು ದಪ್ಪ ಅಕ್ಷರದಲ್ಲಿ ಮುದ್ರಿಸುತ್ತದೆ. ಆ ದಪ್ಪ ಅಕ್ಷರವನ್ನು ಕಂಡು ಕೆಲವರ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಮತ್ತೆ ಕೆಲವರು ವರದಿಯನ್ನು ಮಡಚಿ ಟ್ರಂಕಿನ ತಳಕ್ಕೆ ಸೇರಿಸಿ, ‘ಮೂತ್ರ ಚೆನ್ನಾಗಿ ಹೋಗುತ್ತಿದೆ, ನಮಗೇನೂ ಆಗಿಲ್ಲ’ ಎಂದು ಸುಮ್ಮನಾಗುತ್ತಾರೆ. ಈ ಎರಡೂ ನಡೆಗಳು ತಪ್ಪೆಂಬುದನ್ನು ಶ್ರೀಮಠದ ಸದ್ಭಕ್ತರಿಗೆ ತಿಳಿಸುವ ಸಲುವಾಗಿ ಈ ತಿಂಗಳ ಆರೋಗ್ಯ ಅಂಕಣವನ್ನು ಇದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಾಸ್ಟೇಟ್ ಎಂಬುದು ಪುರುಷರಲ್ಲಿ ಮಾತ್ರ ಇರುವ, ಮೂತ್ರಕೋಶದ ಬುಡದಲ್ಲಿ ಮೂತ್ರನಾಳವನ್ನು ಉಂಗುರದಂತೆ ಸುತ್ತುವರಿದ ಗ್ರಂಥಿ. ಯೌವನದಲ್ಲಿ ಇದರ ಗಾತ್ರ ಒಂದು ದೊಡ್ಡ ಅಡಿಕೆಯಷ್ಟು. ವಯಸ್ಸಾದಂತೆ ಬಹುಪಾಲು ಪುರುಷರಲ್ಲಿ ಇದು ದಪ್ಪವಾಗುತ್ತದೆ. ಇದು ಸ್ರವಿಸುವ ದ್ರವದಲ್ಲಿ ಒಂದು ಪ್ರೋಟೀನು ಇದೆ. ಗಟ್ಟಿಯಾದ ವೀರ್ಯವನ್ನು ತೆಳುವಾಗಿಸುವುದು ಅದರ ಕೆಲಸ. ಈ ಪ್ರೋಟೀನೇ ಪಿ.ಎಸ್.ಎ. ಗ್ರಂಥಿಯ ಒಳಗೆ ಇರಬೇಕಾದ ಈ ವಸ್ತು ಅತ್ಯಲ್ಪ ಪ್ರಮಾಣದಲ್ಲಿ ರಕ್ತಕ್ಕೂ ಸೋರುತ್ತದೆ. ಆ ಸೋರಿಕೆಯನ್ನು ಒಂದು ಮಿಲಿಲೀಟರ್ ರಕ್ತಕ್ಕೆ ಇಷ್ಟು ನ್ಯಾನೊಗ್ರಾಂ ಎಂದು ಅಳೆಯುತ್ತಾರೆ. ಒಂದು ಗ್ರಾಂನ ನೂರು ಕೋಟಿಯಲ್ಲಿ ಒಂದು ಭಾಗವೇ ನ್ಯಾನೊಗ್ರಾಂ ಎಂದರೆ ಅಳತೆ ಎಷ್ಟು ಸೂಕ್ಷ್ಮವೆಂಬುದು ತಿಳಿದೀತು.

ಇಲ್ಲಿ ಮುಖ್ಯವಾಗಿ ಗ್ರಹಿಸಬೇಕಾದುದೆಂದರೆ, ಪಿ.ಎಸ್.ಎ. ಕ್ಯಾನ್ಸರ್ ಉತ್ಪಾದಿಸುವ ವಸ್ತುವಲ್ಲ. ಗ್ರಂಥಿ ಉತ್ಪಾದಿಸುವ ವಸ್ತು. ಆರೋಗ್ಯವಂತ ಗ್ರಂಥಿಯೂ ಅದನ್ನು ತಯಾರಿಸುತ್ತದೆ. ಗ್ರಂಥಿ ದೊಡ್ಡದಾದರೆ ಸೋರಿಕೆ ಹೆಚ್ಚುತ್ತದೆ, ಅದಕ್ಕೆ ಸೋಂಕು ತಗುಲಿದರೆ ಹೆಚ್ಚುತ್ತದೆ, ಗಾಯವಾದರೂ ಹೆಚ್ಚುತ್ತದೆ. ಕ್ಯಾನ್ಸರ್ ಇದ್ದಾಗಲೂ ಹೆಚ್ಚುತ್ತದೆ. ಬಾಗಿಲು ಬಡಿದ ಸದ್ದು ಕೇಳಿತೆಂದ ಮಾತ್ರಕ್ಕೆ ಹೊರಗೆ ನಿಂತವರು ಕಳ್ಳರೋ ನೆಂಟರೋ ತಿಳಿಯದು. ಎದ್ದು ಹೋಗಿ ನೋಡಬೇಕು. ಈ ಪರೀಕ್ಷೆಯ ಶಕ್ತಿ ಮತ್ತು ಮಿತಿ ಎರಡೂ ಅಷ್ಟೇ.

ಇದರ ಚರಿತ್ರೆಯೂ ಇದನ್ನೇ ಹೇಳುತ್ತದೆ. ರಿಚರ್ಡ್ ಆಬ್ಲಿನ್ ಮತ್ತು ಅವರ ಸಂಗಡಿಗರು 1970ರಲ್ಲಿ ಪ್ರಾಸ್ಟೇಟ್ ಅಂಗಾಂಶದಲ್ಲಿ ಅದಕ್ಕೇ ವಿಶಿಷ್ಟವಾದ ಪದಾರ್ಥವಿರುವುದನ್ನು ವರದಿ ಮಾಡಿದರು. ಅಮೆರಿಕದ ಬಫೆಲೊ ನಗರದ ರಾಸ್ವೆಲ್ ಪಾರ್ಕ್ ಸಂಸ್ಥೆಯ ವಿಜ್ಞಾನಿಗಳು 1979ರಲ್ಲಿ ಪಿ.ಎಸ್.ಎ.ಯನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅಲ್ಲಿನ ಸರ್ಕಾರ 1986ರಲ್ಲಿ ಈ ಪರೀಕ್ಷೆಗೆ ಒಪ್ಪಿಗೆ ನೀಡಿದ್ದು ಕ್ಯಾನ್ಸರ್ ಎಂದು ಈಗಾಗಲೇ ಗೊತ್ತಾದವರಲ್ಲಿ ರೋಗದ ಗತಿಯನ್ನು ಅರಿಯುವುದಕ್ಕೆ ಮಾತ್ರ. ರೋಗವನ್ನು ಪತ್ತೆ ಹಚ್ಚಲು ನೆರವಾಗುವ ಪರೀಕ್ಷೆಯೆಂದು ಅದಕ್ಕೆ ಮಾನ್ಯತೆ ದೊರೆತದ್ದು 1994ರಲ್ಲಿ. ಅದೂ ವೈದ್ಯರ ಬೆರಳಿನ ಪರೀಕ್ಷೆಯ ಜೊತೆಗೆ. ಮುಂದೆ ಕಂಡಕಂಡವರಿಗೆಲ್ಲ ಈ ಪರೀಕ್ಷೆ ನಡೆಸುವುದು ವಾಡಿಕೆಯಾದಾಗ, 2010ರಲ್ಲಿ ಸ್ವತಃ ಆಬ್ಲಿನ್ ಅವರೇ ಪತ್ರಿಕೆಯಲ್ಲಿ ಲೇಖನ ಬರೆದು ಆಕ್ಷೇಪಿಸಿದರು.

4 ಎಂಬ ಗಡಿರೇಖೆಯ ವಿಷಯಕ್ಕೆ ಬರೋಣ. ಅದು ಪ್ರಕೃತಿ ಎಳೆದ ಗೆರೆಯಲ್ಲ, ಮನುಷ್ಯರು ಅನುಕೂಲಕ್ಕಾಗಿ ಎಳೆದದ್ದು. 4ರಿಂದ 10ರ ನಡುವೆ ಅಂಕಿ ಇರುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಕ್ಯಾನ್ಸರ್ ಇರುತ್ತದೆ. 10 ದಾಟಿದರೆ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಇನ್ನೊಂದು ಬದಿಯನ್ನೂ ನೋಡಬೇಕು. ಅಮೆರಿಕದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಂಕಿ 4ನ್ನು ಮೀರದಿದ್ದ 2950 ಪುರುಷರಿಗೆ ಬಯಾಪ್ಸಿ ಮಾಡಿ ನೋಡಿದಾಗ ಶೇಕಡಾ 15ರಷ್ಟು ಮಂದಿಯಲ್ಲಿ ಕ್ಯಾನ್ಸರ್ ಕಂಡುಬಂದಿತು. ಆದುದರಿಂದ 4.1 ಎಂದರೆ ಮರಣಶಾಸನವಲ್ಲ, 3.9 ಎಂದರೆ ಅಭಯಹಸ್ತವೂ ಅಲ್ಲ. ವಯಸ್ಸನ್ನೂ ಗಣನೆಗೆ ತೆಗೆದುಕೊಳ್ಳುವುದು ಯುಕ್ತ. ನಲವತ್ತರ ದಶಕದಲ್ಲಿ 2.5, ಐವತ್ತರ ದಶಕದಲ್ಲಿ 3.5, ಅರವತ್ತರ ದಶಕದಲ್ಲಿ 4.5, ಎಪ್ಪತ್ತರ ದಶಕದಲ್ಲಿ 6.5 ಎಂಬ ಮಿತಿಗಳನ್ನು ಅನೇಕ ವೈದ್ಯರು ಅನುಸರಿಸುತ್ತಾರೆ. ನಲವತ್ತೆಂಟರ ಪುರುಷನಲ್ಲಿ 3.8 ಇದ್ದರೆ ಪ್ರಯೋಗಾಲಯದ ಕಾಗದ ಸಹಜವೆನ್ನುತ್ತದೆ, ನಾವು ಹಾಗೆನ್ನುವುದಿಲ್ಲ.

ಈಗ ಆಯುರ್ವೇದದ ದೃಷ್ಟಿಯಿಂದ ಒಂದು ಮಾತು. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಹನ್ನೆರಡು ಬಗೆಯ ಮೂತ್ರಾಘಾತಗಳನ್ನು ಹೇಳಿದೆ. ಅವುಗಳಲ್ಲಿ ವಾತಾಷ್ಠೀಲ ಎಂಬುದೊಂದು. ಮಲಮಾರ್ಗ ಮತ್ತು ಮೂತ್ರಕೋಶಗಳ ನಡುವೆ ವಾಯುವು ನೆಲೆಸಿ, ಕಲ್ಲುಗುಂಡಿನಂತೆ ಘನವಾದ, ಅಲುಗದ, ಉಬ್ಬಿದ ಗ್ರಂಥಿಯನ್ನುಂಟುಮಾಡಿ ಮೂತ್ರವನ್ನು ತಡೆಯುತ್ತದೆ ಎಂಬುದು ಅದರ ವಿವರಣೆಯ ತಾತ್ಪರ್ಯ. ಸ್ಥಾನವನ್ನು ಎಷ್ಟು ಖಚಿತವಾಗಿ ಗುರುತಿಸಿದ್ದಾರೆಂದು ನಾವು ವಿದ್ಯಾರ್ಥಿ ದೆಸೆಯಿಂದಲೂ ಬೆರಗಾಗಿದ್ದೇವೆ. ಗೋಕ್ಷುರ ಎಂದರೆ ನಮ್ಮ ಹೊಲಗಳ ನೆಗ್ಗಿಲುಮುಳ್ಳು, ವರುಣ, ಪುನರ್ನವ, ಚಂದ್ರಪ್ರಭಾ ವಟಿ ಮೊದಲಾದವುಗಳನ್ನು ಮೂತ್ರದ ತೊಂದರೆಗಳಲ್ಲಿ ವೈದ್ಯರು ತಲೆಮಾರುಗಳಿಂದ ಬಳಸುತ್ತಾ ಬಂದಿದ್ದಾರೆ. ನಾವೂ ಬಳಸುತ್ತೇವೆ, ರಾತ್ರಿ ನಾಲ್ಕೈದು ಬಾರಿ ಏಳುತ್ತಿದ್ದವರು ಒಂದೆರಡು ಬಾರಿಗೆ ಇಳಿದುದನ್ನೂ ಕಂಡಿದ್ದೇವೆ.

ಅಪಾಯ ಅಡಗಿರುವುದು ಈ ಸಮಾಧಾನದಲ್ಲಿಯೇ. ವಯೋಸಹಜವಾದ ಊತ ಬರುವುದು ಪ್ರಾಸ್ಟೇಟ್ ಗ್ರಂಥಿಯ ಒಳಭಾಗದಲ್ಲಿ, ಮೂತ್ರನಾಳಕ್ಕೆ ತೀರ ಹತ್ತಿರದಲ್ಲಿ. ಅದಕ್ಕಾಗಿಯೇ ಧಾರೆ ಸಣ್ಣದಾಗುತ್ತದೆ, ತಿಣುಕಬೇಕಾಗುತ್ತದೆ, ಹನಿಹನಿಯಾಗಿ ಉಳಿಯುತ್ತದೆ. ಕ್ಯಾನ್ಸರ್ ಬಹುಪಾಲು ಹುಟ್ಟುವುದು ಹೊರಭಾಗದಲ್ಲಿ, ನಾಳದಿಂದ ದೂರದಲ್ಲಿ, ಗುದನಾಳದ ಕಡೆಗೆ. ಅದು ಚಿಕ್ಕದಿರುವಾಗ ಮೂತ್ರಕ್ಕೆ ಯಾವ ಅಡ್ಡಿಯನ್ನೂ ಮಾಡುವುದಿಲ್ಲ. ಆದುದರಿಂದ ಮೂತ್ರದ ತೊಂದರೆ ಇದ್ದವರಿಗೆಲ್ಲ ಕ್ಯಾನ್ಸರ್ ಇಲ್ಲ. ಮೂತ್ರ ಸಲೀಸಾಗಿ ಹೋಗುವವರಿಗೆ ಕ್ಯಾನ್ಸರ್ ಇಲ್ಲವೆಂದೂ ಇಲ್ಲ. ಕೆಲವು ವರ್ಷಗಳ ಹಿಂದೆ ನಿವೃತ್ತ ಶಿಕ್ಷಕರೊಬ್ಬರು ನಮ್ಮಲ್ಲಿ ಔಷಧ ಪಡೆಯುತ್ತಿದ್ದರು. ಪಿ.ಎಸ್.ಎ. 7.4 ಇತ್ತು, ಎರಡು ತಿಂಗಳ ನಂತರ ಮತ್ತೆ ಮಾಡಿಸಿದಾಗ 7.9. ತಜ್ಞರಲ್ಲಿಗೆ ಹೋಗಿರೆಂದರೆ ಅವರು, “ಡಾಕ್ಟ್ರೇ, ನಿಮ್ಮ ಕಷಾಯದಿಂದ ಮೂತ್ರ ಸರಾಗ ಆಗೇದ, ಇನ್ನ್ಯಾಕ್ರೀ ಸೂಜಿ?” ಎಂದರು. “ಗುರುಗಳೇ, ಕಷಾಯ ನಿಮ್ಮ ಮೂತ್ರಕ್ಕೆ ಉತ್ತರ ಕೊಟ್ಟದ, ಈ ಅಂಕಿಗೆ ಕೊಟ್ಟಿಲ್ಲ” ಎಂದು ನಾವು ಅವರ ಮಗನನ್ನೂ ಕರೆಸಿ ಕುಳ್ಳಿರಿಸಿ ಹೇಳಬೇಕಾಯಿತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇತ್ತು, ಗ್ರಂಥಿಯ ಹೊರಗೆ ಹರಡಿರಲಿಲ್ಲ. ಶಸ್ತ್ರಚಿಕಿತ್ಸೆಯಾಯಿತು. ಇಂದಿಗೂ ತೋಟಕ್ಕೆ ಹೋಗಿಬರುತ್ತಾರೆ.

ಅಂಕಿ ಹೆಚ್ಚು ಬಂದಾಗ ಮೊದಲು ಕೇಳಿಕೊಳ್ಳಬೇಕಾದುದು, ರಕ್ತ ಕೊಟ್ಟ ದಿನ ದೇಹದ ಸ್ಥಿತಿ ಹೇಗಿತ್ತು ಎಂಬುದು. ಮೂತ್ರದ ಸೋಂಕಿದ್ದಾಗ ಪಿ.ಎಸ್.ಎ. ಹಲವು ಪಟ್ಟು ಏರಬಲ್ಲದು. ಸೋಂಕು ವಾಸಿಯಾದ ಮೇಲೂ ಇಳಿಯಲು ಆರರಿಂದ ಎಂಟು ವಾರ ಬೇಕು. ಮೂತ್ರ ಕಟ್ಟಿಕೊಂಡು ಆಸ್ಪತ್ರೆಯಲ್ಲಿ ಪೈಪು ಹಾಕಿಸಿಕೊಂಡವರ ರಕ್ತವನ್ನು ಮರುದಿನವೇ ತೆಗೆದು ಪಿ.ಎಸ್.ಎ.ಗೆ ಕಳುಹಿಸುವುದನ್ನು ನಾವು ಕಂಡಿದ್ದೇವೆ. ಆ ಅಂಕಿಯಿಂದ ಗಾಬರಿಯ ಹೊರತು ಬೇರೆ ಪ್ರಯೋಜನವಿಲ್ಲ. ಪರೀಕ್ಷೆಗೆ ಹಿಂದಿನ ಎರಡು ದಿನ ದಾಂಪತ್ಯ ಸಂಪರ್ಕ ಬೇಡ, ದೀರ್ಘ ಸೈಕಲ್ ಸವಾರಿಯೂ ಬೇಡ. ಉಪವಾಸದ ಅವಶ್ಯಕತೆ ಇಲ್ಲ. ಸಾಧ್ಯವಾದರೆ ಪ್ರತಿ ಸಲವೂ ಒಂದೇ ಪ್ರಯೋಗಾಲಯದಲ್ಲಿ ಮಾಡಿಸುವುದು ಮೇಲು, ಏಕೆಂದರೆ ಯಂತ್ರ ಬದಲಾದರೆ ಅಂಕಿಯೂ ತುಸು ಬದಲಾಗುತ್ತದೆ. ಮೊದಲ ಬಾರಿ ಹೆಚ್ಚು ಬಂದವರಲ್ಲಿ ಗಣನೀಯ ಭಾಗದವರಿಗೆ ಕೆಲವು ವಾರಗಳ ನಂತರದ ಪರೀಕ್ಷೆಯಲ್ಲಿ ಅಂಕಿ ಸಹಜಕ್ಕೆ ಮರಳಿರುತ್ತದೆ. ಒಂದೇ ವರದಿಯನ್ನು ಹಿಡಿದು ಬಯಾಪ್ಸಿಗೆ ಓಡಬಾರದು ಎನ್ನುವುದು ಇದಕ್ಕಾಗಿ.

ಇದಕ್ಕೆ ವಿರುದ್ಧವಾಗಿ ಅಂಕಿಯನ್ನು ಸುಳ್ಳಾಗಿ ಇಳಿಸುವ ಔಷಧಗಳೂ ಇವೆ, ಇದು ಹೆಚ್ಚು ಮಂದಿಗೆ ತಿಳಿದಿಲ್ಲ. ಪ್ರಾಸ್ಟೇಟ್ ಊತಕ್ಕೆ ಕೊಡುವ ಫಿನಾಸ್ಟೆರೈಡ್, ಡ್ಯುಟಾಸ್ಟೆರೈಡ್ ಎಂಬ ಮಾತ್ರೆಗಳನ್ನು ಆರು ತಿಂಗಳಿಂದ ಒಂದು ವರ್ಷ ಸೇವಿಸಿದರೆ ಪಿ.ಎಸ್.ಎ. ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಂಥವರ ವರದಿಯಲ್ಲಿ 3 ಇದ್ದರೆ ಅದನ್ನು 6 ಎಂದು ಓದಬೇಕು. ಮಾತ್ರೆ ನುಂಗುತ್ತಿರುವಾಗಲೇ ಅಂಕಿ ಮೆಲ್ಲಗೆ ಏರತೊಡಗಿದರೆ ಅದು ಸಹಜ ಮಿತಿಯೊಳಗಿದ್ದರೂ ಎಚ್ಚರಿಕೆಯ ಸಂಗತಿಯೇ. ಕೂದಲು ಉದುರುವುದಕ್ಕೆಂದು ನಡುವಯಸ್ಸಿನವರು ಸೇವಿಸುವ ಸಣ್ಣ ಪ್ರಮಾಣದ ಫಿನಾಸ್ಟೆರೈಡ್‌ಗೂ ಇದೇ ಗುಣವಿದೆ. ತಲೆಗೂದಲಿನ ಮಾತ್ರೆಯನ್ನು ಮೂತ್ರರೋಗ ತಜ್ಞರಿಗೇಕೆ ಹೇಳಬೇಕೆಂದು ಮುಚ್ಚಿಡುವವರು ಇದನ್ನು ಗಮನಿಸಬೇಕು.

ಎರಡನೆಯ ಪರೀಕ್ಷೆಯಲ್ಲಿಯೂ ಅಂಕಿ ಹೆಚ್ಚೇ ಇದ್ದರೆ ಮೂತ್ರರೋಗ ತಜ್ಞರನ್ನು ಕಾಣಬೇಕು. ಅವರು ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿಯನ್ನು ಮುಟ್ಟಿ ನೋಡುತ್ತಾರೆ. ನಮ್ಮ ಹಿರಿಯರು ಇದಕ್ಕೆ ಬಹಳ ಸಂಕೋಚಪಡುತ್ತಾರೆ. ಒಂದು ನಿಮಿಷದ ಪರೀಕ್ಷೆ. ಕಲ್ಲಿನಂತಹ ಗಂಟು ಕೈಗೆ ತಾಗಿದರೆ, ಪಿ.ಎಸ್.ಎ. ಎಷ್ಟೇ ಇರಲಿ, ಮುಂದಿನ ತನಿಖೆ ಆಗಲೇಬೇಕು.

4ರಿಂದ 10ರ ನಡುವಿನ ಅನುಮಾನದ ವಲಯದಲ್ಲಿ ಇನ್ನೆರಡು ಲೆಕ್ಕಗಳು ನೆರವಿಗೆ ಬರುತ್ತವೆ. ರಕ್ತದಲ್ಲಿರುವ ಪಿ.ಎಸ್.ಎ.ಯ ಬಹುಭಾಗ ಬೇರೆ ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ, ಸ್ವಲ್ಪ ಭಾಗ ಬಿಡಿಯಾಗಿ ಅಡ್ಡಾಡುತ್ತಿರುತ್ತದೆ. ಬಿಡಿ ಭಾಗ ಶೇಕಡಾ 25ಕ್ಕಿಂತ ಹೆಚ್ಚಿದ್ದರೆ ಕ್ಯಾನ್ಸರಿನ ಸಾಧ್ಯತೆ ಕಡಿಮೆ. ಶೇಕಡಾ 10ಕ್ಕಿಂತ ಕಡಿಮೆಯಿದ್ದರೆ ಸಾಧ್ಯತೆ ಹೆಚ್ಚು. ವರದಿಯಲ್ಲಿ ‘ಫ್ರೀ ಪಿ.ಎಸ್.ಎ.’ ಎಂದು ಬರುವುದು ಇದೇ. ಎರಡನೆಯದು ಸಾಂದ್ರತೆಯ ಲೆಕ್ಕ. ಪಿ.ಎಸ್.ಎ. ಅಂಕಿಯನ್ನು ಸ್ಕ್ಯಾನಿಂಗಿನಲ್ಲಿ ತಿಳಿದ ಗ್ರಂಥಿಯ ಗಾತ್ರದಿಂದ ಭಾಗಿಸಬೇಕು. ಇಬ್ಬರ ಅಂಕಿಯೂ 6 ಇದೆಯೆನ್ನೋಣ. ಒಬ್ಬರ ಗ್ರಂಥಿ 60 ಮಿಲಿಲೀಟರ್, ಭಾಗಿಸಿದರೆ 0.10. ಇನ್ನೊಬ್ಬರ ಗ್ರಂಥಿ 30 ಮಿಲಿಲೀಟರ್, ಭಾಗಿಸಿದರೆ 0.20. ದೊಡ್ಡ ಗ್ರಂಥಿಯಿಂದ ಅಷ್ಟು ಸೋರುವುದು ಸೋಜಿಗವಲ್ಲ. ಚಿಕ್ಕ ಗ್ರಂಥಿಯಿಂದ ಅಷ್ಟೇ ಸೋರುತ್ತಿದ್ದರೆ ಕಾರಣ ಹುಡುಕಬೇಕು. 0.15ನ್ನು ಮೀರಿದರೆ ಸಾಮಾನ್ಯವಾಗಿ ಸಂಶಯಪಡುತ್ತಾರೆ. ಎಷ್ಟೋ ಮಂದಿಯ ಬಳಿ ಪಿ.ಎಸ್.ಎ. ವರದಿಯೂ ಇರುತ್ತದೆ, ಹೊಟ್ಟೆಯ ಸ್ಕ್ಯಾನಿಂಗ್ ವರದಿಯೂ ಇರುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇರುವುದಿಲ್ಲ.

ಈಚಿನ ವರ್ಷಗಳಲ್ಲಿ ಬಯಾಪ್ಸಿಗೆ ಮುನ್ನ ಎಂ.ಆರ್.ಐ. ಮಾಡಿಸುವ ಪದ್ಧತಿ ಬಂದಿದೆ. ಸಂಶಯದ ಜಾಗಗಳಿಗೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. 1, 2 ಬಂದವರಲ್ಲಿ ಅನೇಕರಿಗೆ, ಸಾಂದ್ರತೆಯೂ ಕಡಿಮೆಯಿದ್ದರೆ, ಸೂಜಿಯನ್ನು ಮುಂದೂಡಿ ಕಾದು ನೋಡಬಹುದು. 4, 5 ಬಂದರೆ ಬಯಾಪ್ಸಿ ಬೇಕು. ಕ್ಯಾನ್ಸರ್ ಇದೆಯೆಂದು ಖಚಿತವಾಗಿ ಹೇಳಬಲ್ಲದ್ದು ಬಯಾಪ್ಸಿ ಮಾತ್ರ, ರಕ್ತಪರೀಕ್ಷೆಯಲ್ಲ.

‘ಸೂಜಿ ಚುಚ್ಚಿದರೆ ಗಡ್ಡೆ ಕೆರಳಿ ಮೈಯೆಲ್ಲ ಹರಡುತ್ತದೆ’ ಎಂಬ ಮಾತು ಊರೂರಿನಲ್ಲಿದೆ. ಪ್ರಾಸ್ಟೇಟ್ ಬಯಾಪ್ಸಿಯ ವಿಷಯದಲ್ಲಿ ಇದು ಆಧಾರವಿಲ್ಲದ ಭಯ. ಸೂಜಿಯ ದಾರಿಯಲ್ಲಿ ರೋಗ ಹರಡಿದ ಪ್ರಸಂಗಗಳು ವೈದ್ಯಸಾಹಿತ್ಯದಲ್ಲಿ ಅತಿ ವಿರಳ. ಬಯಾಪ್ಸಿ ಮಾಡಿಸಿಕೊಂಡ ಕೆಲವು ತಿಂಗಳಲ್ಲಿ ತೀರಿಕೊಂಡವರನ್ನು ಜನ ಉದಾಹರಿಸುತ್ತಾರೆ. ಅವರಲ್ಲಿ ರೋಗ ಮೊದಲೇ ಎಲುಬಿಗೆ ಇಳಿದಿತ್ತು, ತಡವಾಗಿ ಪತ್ತೆಯಾಯಿತು ಅಷ್ಟೆ. ನಿಜವಾದ ತೊಂದರೆಗಳು ಬೇರೆ: ಕೆಲವು ದಿನ ಮೂತ್ರದಲ್ಲಿ, ಕೆಲವು ವಾರ ವೀರ್ಯದಲ್ಲಿ ರಕ್ತ ಕಾಣಿಸಬಹುದು, ಕೆಲವರಿಗೆ ಸೋಂಕಾಗಿ ಚಳಿಜ್ವರ ಬರಬಹುದು. ಜ್ವರ ಬಂದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಹೃದಯದ ಕಾರಣದಿಂದ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ಮೊದಲೇ ತಿಳಿಸಬೇಕು.

ಹಾಗಾದರೆ ಎಲ್ಲ ಪುರುಷರೂ ವರ್ಷವರ್ಷ ಪಿ.ಎಸ್.ಎ. ಮಾಡಿಸಬೇಕೆ? ಜಗತ್ತಿನ ವೈದ್ಯರು ಮೂರು ದಶಕಗಳಿಂದ ಚರ್ಚಿಸುತ್ತಿರುವ ಪ್ರಶ್ನೆಯಿದು. ಯೂರೋಪಿನ ಹಲವು ದೇಶಗಳಲ್ಲಿ 55ರಿಂದ 69ರ ವಯಸ್ಸಿನ 1.6 ಲಕ್ಷಕ್ಕೂ ಹೆಚ್ಚು ಪುರುಷರನ್ನು ಸೇರಿಸಿ 1993ರಲ್ಲಿ ಆರಂಭವಾದ ಅಧ್ಯಯನದ 23 ವರ್ಷಗಳ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಪರೀಕ್ಷೆಗೆ ಕರೆದ ಗುಂಪಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನಿಂದಾಗುವ ಮರಣ ಶೇಕಡಾ 13ರಷ್ಟು ಕಡಿಮೆಯಾಗಿತ್ತು. ಬೇರೆ ಬಗೆಯಲ್ಲಿ ಹೇಳುವುದಾದರೆ, 456 ಮಂದಿಯನ್ನು ಪರೀಕ್ಷೆಗೆ ಕರೆದರೆ ಒಂದು ಸಾವು ತಪ್ಪುತ್ತದೆ. ಲಾಭವಿದೆ, ಆದರೆ ಅದು ಚಿಕ್ಕದು, ಬಹಳ ವರ್ಷಗಳ ಮೇಲೆ ದಕ್ಕುವಂಥದು. ಅದಕ್ಕೆ ತೆರುವ ಬೆಲೆಯೂ ಉಂಟು: ಎಂದೂ ಪ್ರಾಣಕ್ಕೆ ಎರವಾಗದ, ಮಂದಗತಿಯ ಕ್ಯಾನ್ಸರುಗಳೂ ಬಲೆಗೆ ಬೀಳುತ್ತವೆ, ಅವಕ್ಕೂ ಶಸ್ತ್ರಚಿಕಿತ್ಸೆ, ವಿಕಿರಣ ನಡೆದು ಮೂತ್ರ ಸೋರುವಿಕೆ, ಪುರುಷತ್ವದ ಹಾನಿ ಬರುತ್ತದೆ. ಇದೇ ಕಾರಣದಿಂದ ಅಮೆರಿಕದ ತಜ್ಞ ಸಮಿತಿ 2012ರಲ್ಲಿ ಈ ತಪಾಸಣೆಯೇ ಬೇಡವೆಂದಿತು. ಅನಂತರ ಅಲ್ಲಿ ಹರಡಿದ ಸ್ಥಿತಿಯಲ್ಲಿ ಪತ್ತೆಯಾಗುವವರ ಪ್ರಮಾಣ ಏರುತ್ತಿರುವುದು ಕಂಡಿತು. 2018ರಲ್ಲಿ ಸಮಿತಿ ತನ್ನ ನಿಲುವನ್ನು ಸಡಿಲಿಸಿ, 55ರಿಂದ 69ರವರೆಗಿನವರು ವೈದ್ಯರೊಡನೆ ಚರ್ಚಿಸಿ ತಾವೇ ನಿರ್ಧರಿಸಲಿ, 70 ದಾಟಿದವರಿಗೆ ಬೇಡ ಎಂದಿತು.

ನಮ್ಮ ಅಭಿಪ್ರಾಯವನ್ನು ಕೇಳಿದರೆ ಹೀಗೆ ಹೇಳುತ್ತೇವೆ. ತಂದೆಗೋ ಅಣ್ಣತಮ್ಮಂದಿರಿಗೋ ಈ ಕ್ಯಾನ್ಸರ್ ಬಂದಿದ್ದರೆ 45ರ ಹೊತ್ತಿಗೆ ಒಮ್ಮೆ ಮಾಡಿಸಲಿ. ಕುಟುಂಬದ ಹೆಣ್ಣುಮಕ್ಕಳಲ್ಲಿ ಚಿಕ್ಕ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್, ಅಂಡಾಶಯ ಕ್ಯಾನ್ಸರ್ ಬಂದಿದ್ದರೂ ಹಾಗೆಯೇ, ಏಕೆಂದರೆ ಒಂದೇ ಬಗೆಯ ವಂಶವಾಹಿ ದೋಷ ಎರಡಕ್ಕೂ ಕಾರಣವಾಗಬಲ್ಲದು. ಉಳಿದ ಆರೋಗ್ಯವಂತರು ಐವತ್ತೈದರ ನಂತರ ಸಾಧಕಬಾಧಕಗಳನ್ನು ತಿಳಿದು ಮಾಡಿಸಲಿ. ಅಂಕಿ 1ಕ್ಕಿಂತ ಕಡಿಮೆ ಬಂದರೆ ವರ್ಷವರ್ಷ ಮಾಡಿಸುವ ಅಗತ್ಯವಿಲ್ಲ. ಎಪ್ಪತ್ತೆಂಟರ, ಹೃದ್ರೋಗವಿರುವ, ಯಾವ ಲಕ್ಷಣವೂ ಇಲ್ಲದ ಹಿರಿಯರಿಗೆ ಪ್ಯಾಕೇಜಿನ ಹೆಸರಿನಲ್ಲಿ ಈ ಪರೀಕ್ಷೆ ಮಾಡಿಸಿ ಅವರ ನೆಮ್ಮದಿಯನ್ನು ಮಕ್ಕಳು ಕೆಡಿಸಬಾರದು. ಆದರೆ ಲಕ್ಷಣವಿದ್ದರೆ ಮಾತು ಬೇರೆ. ಸೊಂಟ, ಬೆನ್ನೆಲುಬುಗಳಲ್ಲಿ ರಾತ್ರಿಯೂ ಬಿಡದ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಮೂತ್ರದಲ್ಲಿ ರಕ್ತ, ಕಾಲುಗಳ ಬಲ ಕುಂದುವುದು ಇವು ಯಾವ ವಯಸ್ಸಿನಲ್ಲಿ ಕಂಡರೂ ಪರೀಕ್ಷೆ ಆಗಬೇಕು. ಕಾಲಿನ ಬಲ ಕುಂದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಮ್ಮ ದೇಶದಲ್ಲಿ ರೋಗ ಎಲುಬಿಗೆ ಇಳಿದ ಮೇಲೆ ವೈದ್ಯರಲ್ಲಿಗೆ ಬರುವವರು ಪಾಶ್ಚಾತ್ಯ ದೇಶಗಳಿಗಿಂತ ಬಹಳ ಹೆಚ್ಚು. ಸೊಂಟನೋವೆಂದು ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡು ಬಂದವರನ್ನು ನಾವು ನೋಡಿದ್ದೇವೆ.

ಕ್ಯಾನ್ಸರ್ ಪತ್ತೆಯಾದರೂ ಎಲ್ಲರಿಗೂ ಕತ್ತರಿ ಬೇಕಿಲ್ಲ. ಬ್ರಿಟನ್ನಿನಲ್ಲಿ ಗ್ರಂಥಿಯೊಳಗೇ ಸೀಮಿತವಾದ ಕ್ಯಾನ್ಸರ್ ಇದ್ದ 1643 ಪುರುಷರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆ, ಒಂದಕ್ಕೆ ವಿಕಿರಣ, ಒಂದಕ್ಕೆ ಪಿ.ಎಸ್.ಎ. ನೋಡುತ್ತಾ ಕಾಯುವ ಕ್ರಮವನ್ನು ಅನುಸರಿಸಿದರು. ಹದಿನೈದು ವರ್ಷಗಳ ನಂತರ ಮೂರೂ ಗುಂಪುಗಳಲ್ಲಿ ಈ ರೋಗದಿಂದ ಸತ್ತವರು ಶೇಕಡಾ 3ರ ಆಸುಪಾಸಿನಲ್ಲಿದ್ದರು. ಮಂದಗತಿಯ ರೋಗವಿರುವವರಿಗೆ ನಿಯಮಿತ ತಪಾಸಣೆಯೇ ಚಿಕಿತ್ಸೆಯಾಗಬಹುದು. ಆದರೆ ಹಾಗೆ ಕಾಯುವುದೆಂದರೆ ಮರೆತುಬಿಡುವುದಲ್ಲ. ತಜ್ಞರು ಹೇಳಿದ ದಿನಕ್ಕೆ ರಕ್ತ ಕೊಡಬೇಕು, ಎಂ.ಆರ್.ಐ. ಅಥವಾ ಬಯಾಪ್ಸಿ ಮತ್ತೆ ಬೇಕೆಂದರೆ ಮಾಡಿಸಬೇಕು.

ಕೊನೆಯದಾಗಿ, ನಮ್ಮ ಪದ್ಧತಿಯ ಹೆಸರಿನಲ್ಲಿ ನಡೆಯುವ ಒಂದು ವಂಚನೆಯನ್ನು ಹೇಳದೆ ಇರಲಾರೆವು. ‘ಮೂರು ತಿಂಗಳಲ್ಲಿ ಪಿ.ಎಸ್.ಎ. ಇಳಿಸುತ್ತೇವೆ’ ಎಂಬ ಜಾಹೀರಾತುಗಳು ಮೊಬೈಲಿನಲ್ಲಿ ಹರಿದಾಡುತ್ತಿವೆ. ಅಮೆರಿಕದಲ್ಲಿ ಪಿಸಿ-ಸ್ಪೆಸ್ ಎಂಬ, ಎಂಟು ಗಿಡಮೂಲಿಕೆಗಳ ಮಿಶ್ರಣವೆಂದು ಹೇಳಲಾದ ಔಷಧವನ್ನು ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳು ಭರವಸೆಯಿಂದ ಸೇವಿಸುತ್ತಿದ್ದರು. ಅಂಕಿ ನಿಜಕ್ಕೂ ಇಳಿಯುತ್ತಿತ್ತು. ಪರೀಕ್ಷಿಸಿ ನೋಡಿದಾಗ ಅದರ ಕೆಲವು ಮಾದರಿಗಳಲ್ಲಿ ಕೃತಕ ಸ್ತ್ರೀ ಹಾರ್ಮೋನು, ರಕ್ತ ತೆಳುವಾಗಿಸುವ ವಾರ್ಫರಿನ್, ನೋವಿನ ಮಾತ್ರೆಯ ಅಂಶ ಬೆರೆತಿದ್ದುದು ಬಯಲಾಯಿತು. 2002ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂದೆಗೆದುಕೊಂಡರು. ಪುರುಷ ಹಾರ್ಮೋನನ್ನು ಅಡಗಿಸಿದರೆ ಪ್ರಾಸ್ಟೇಟ್ ಕ್ಯಾನ್ಸರ್ ತಗ್ಗುತ್ತದೆಂಬುದನ್ನು ಚಾರ್ಲ್ಸ್ ಹಗಿನ್ಸ್ 1941ರಲ್ಲಿಯೇ ತೋರಿಸಿ, ಅದಕ್ಕಾಗಿ 1966ರಲ್ಲಿ ನೊಬೆಲ್ ಪುರಸ್ಕಾರ ಪಡೆದರು. ಆ ಚಿಕಿತ್ಸೆಯನ್ನು ತಜ್ಞರು ಬಹಿರಂಗವಾಗಿ, ಅಳತೆಯರಿತು ಕೊಡುತ್ತಾರೆ. ಅದನ್ನೇ ಮೂಲಿಕೆಯ ಡಬ್ಬಿಯಲ್ಲಿ ಗುಟ್ಟಾಗಿ ಬೆರೆಸಿದರೆ ರೋಗಿಗೆ ತಾನೇನು ನುಂಗುತ್ತಿರುವೆನೆಂಬುದೇ ತಿಳಿಯದು. ಹೆಸರು, ಪದಾರ್ಥಗಳ ಪಟ್ಟಿ, ತಯಾರಿಕೆಯ ಪರವಾನಗಿ ಸಂಖ್ಯೆ ಇಲ್ಲದ ಪುಡಿಯನ್ನು ಯಾರೇ ಕೊಟ್ಟರೂ ಸೇವಿಸಬಾರದು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಆಯುರ್ವೇದ ಔಷಧವನ್ನು ತೆಗೆದುಕೊಳ್ಳಬಯಸಿದರೆ ಇಬ್ಬರು ವೈದ್ಯರಿಗೂ ತಿಳಿಸಿಯೇ ತೆಗೆದುಕೊಳ್ಳಬೇಕು.

ವರದಿಯೊಂದಿಗೆ ವೈದ್ಯರಲ್ಲಿಗೆ ಹೋಗುವಾಗ ಈ ಹಿಂದಿನ ಪಿ.ಎಸ್.ಎ. ವರದಿಗಳೆಲ್ಲವನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿಕೊಳ್ಳಿ. ಸ್ಕ್ಯಾನಿಂಗ್ ವರದಿ, ಮೂತ್ರಪರೀಕ್ಷೆಯ ವರದಿ, ಸೇವಿಸುತ್ತಿರುವ ಎಲ್ಲ ಮಾತ್ರೆ, ಕಷಾಯ, ಲೇಹ್ಯಗಳ ಡಬ್ಬಿಗಳನ್ನು ಒಂದು ಚೀಲದಲ್ಲಿ ಹಾಕಿಕೊಳ್ಳಿ. ಮನೆಯವರೊಬ್ಬರು ಜೊತೆಗಿರಲಿ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಂತಹ ಸರ್ಕಾರಿ ಆಸ್ಪತ್ರೆಗೆ ಹೋಗುವವರು ಆಧಾರ್, ಪಡಿತರ ಚೀಟಿ ಮತ್ತು ಅವುಗಳ ನಕಲು ಪ್ರತಿಗಳನ್ನೂ ಮರೆಯದೆ ಒಯ್ಯಬೇಕು.